ನಾಗೇಶರಿಗೆ ಬಡ್ತಿ ಕೊಟ್ಟವರು ಯಾರು?

ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಮದರಾಸಿನಲ್ಲಿ ಹೆಸರು ಮಾಡಿದ ಕನ್ನಡಿಗರ ಪಟ್ಟಿಯನ್ನು ಓದುವುದು ಒಂದು ಸಂಪ್ರದಾಯ. ಪಟ್ಟಿಯಲ್ಲಿ ನಟ ನಾಗೇಶರ ಹೆಸರು ಬಂದ ಕೂಡಲೇ ಭಾಷಣಕಾರರು ಒಂದು ವಾಕ್ಯ ಸೇರಿಸುತ್ತಾರೆ: ಮೊದಲು ಅವರು ಬರೀ ಹಾಸ್ಯನಟರಾಗಿದ್ದರು, ಆಮೇಲೆ ಗಂಭೀರ ಪಾತ್ರಗಳನ್ನು ಮಾಡಿ ದೊಡ್ಡ ನಟರಾದರು. ಸಭೆ ಚಪ್ಪಾಳೆ ತಟ್ಟುತ್ತದೆ. ನಾನು ತಟ್ಟುವುದಿಲ್ಲ. ಆ ‘ಬರೀ’ ಎಂಬ ಎರಡಕ್ಷರಕ್ಕೆ ನನ್ನ ಆಕ್ಷೇಪಣೆಯಿದೆ. ಅದನ್ನು ಸಂಪಾದಕರ ಅನುಮತಿಯಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ಕೇಂದ್ರ ಸರ್ಕಾರದ ಗುಮಾಸ್ತನಾದ ನನಗೆ ಬಡ್ತಿಯೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಳಗಿನ ಮೇಜಿನಿಂದ ಮೇಲಿನ ಮೇಜಿಗೆ ಹೋಗುವುದು. ಕೆಲಸ ಬಹುಮಟ್ಟಿಗೆ ಅದೇ, ಕುರ್ಚಿಗೆ ಮಾತ್ರ ಕೈ ಬರುತ್ತದೆ. ಕಲೆಯನ್ನೂ ಇದೇ ಕಚೇರಿಯ ಕಣ್ಣಿನಿಂದ ನೋಡಿ, ನಗಿಸುವುದು ಕೆಳಗಿನ ದರ್ಜೆ, ಅಳಿಸುವುದು ಮೇಲಿನ ದರ್ಜೆ ಎಂದು ನಾವು ಗೊತ್ತುಮಾಡಿಕೊಂಡಿದ್ದೇವೆ.

ಅಂದಹಾಗೆ ನಾಗೇಶರೂ ಗುಮಾಸ್ತರೇ. 1933ರಲ್ಲಿ ಹುಟ್ಟಿದ, ಧಾರಾಪುರದ ಕನ್ನಡ ಮಾಧ್ವ ಮನೆತನದ ಗುಂಡೂರಾವ್ ಮದರಾಸಿಗೆ ಬಂದು ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದರು. ಹವ್ಯಾಸಿ ನಾಟಕವೊಂದರಲ್ಲಿ ಹೊಟ್ಟೆನೋವಿನ ರೋಗಿಯಾಗಿ ಅವರು ಮಾಡಿದ ಪುಟ್ಟ ಪಾತ್ರವನ್ನು ಎಂ.ಜಿ.ಆರ್. ಮೆಚ್ಚಿ ಬಹುಮಾನ ಕೊಟ್ಟದ್ದು ಈ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಮುಖದ ಮೇಲೆ ಸಿಡುಬಿನ ಕಲೆ, ಕಡ್ಡಿಯಂಥ ಮೈ. ಅವರಿಗಾಗಿ ನಾಟಕ ಬರೆದ ಕೆ. ಬಾಲಚಂದರ್ ಅಕೌಂಟೆಂಟ್ ಜನರಲ್ ಕಚೇರಿಯ ನೌಕರರು. ಕಡತ ಕಟ್ಟಿಟ್ಟು ಸಂಜೆ ನಾಟಕ ಕಲಿಸುತ್ತಿದ್ದ ಜನ ಅವರು. (ಈಗಿನ ಕಚೇರಿಗಳಲ್ಲಿ ಸಂಜೆಯೇ ಇಲ್ಲ, ಆ ಮಾತು ಬೇರೆ.)

ಈಗ ಇಸವಿಗಳನ್ನು ನೋಡೋಣ. ಹಾಸ್ಯ ಮೊದಲು, ಅಭಿನಯ ಆಮೇಲೆ ಎನ್ನುವವರು ಇಸವಿಗಳನ್ನು ನೋಡಿಲ್ಲ. 1964ರಲ್ಲಿ ಶ್ರೀಧರ್ ಅವರ ‘ಕಾದಲಿಕ್ಕ ನೇರಮಿಲ್ಲೈ’ ಬಂತು. ಸಿನಿಮಾ ತೆಗೆಯುವ ಹುಚ್ಚಿನ ಚೆಲ್ಲಪ್ಪನಾಗಿ ನಾಗೇಶ್ ಊರನ್ನೇ ನಗಿಸಿದರು. ಅದೇ 1964ರಲ್ಲಿ ‘ಸರ್ವರ್ ಸುಂದರಂ’ ಬಂತು. ಹೋಟೆಲಿನಲ್ಲಿ ತಟ್ಟೆ ಲೋಟ ಎತ್ತುವವನು ಚಿತ್ರನಟನಾಗಿ, ದುಡ್ಡು ಕೀರ್ತಿ ಎಲ್ಲ ಬಂದರೂ ಬಯಸಿದ್ದು ಸಿಗದೆ ಉಳಿಯುವ ಕಥೆ. 1965ರ ‘ನೀರ್ಕುಮಿಳಿ’ಯಲ್ಲಿ ಆಸ್ಪತ್ರೆಯನ್ನೆಲ್ಲ ನಗಿಸುವ ರೋಗಿ ಅವರು. 1968ರ ‘ಎದಿರ್ ನೀಚ್ಚಲ್’ನಲ್ಲಿ ಮೆಟ್ಟಿಲ ಕೆಳಗೆ ಮಲಗಿ, ವಠಾರದವರ ಚಾಕರಿ ಮಾಡಿಕೊಂಡು ಓದುವ ಅನಾಥ ಮಾದು. ಅದೇ ವರ್ಷ ‘ತಿಲ್ಲಾನಾ ಮೋಹನಾಂಬಾಳ್’ನಲ್ಲಿ ವೈತ್ತಿ, ನಗುತ್ತ ನಗುತ್ತಲೇ ಒಬ್ಬ ಹೆಣ್ಣುಮಗಳ ಬಾಳನ್ನು ದೊಡ್ಡವರಿಗೆ ಮಾರಲು ಹೊಂಚುಹಾಕುವ ದಲ್ಲಾಳಿ. ಇಪ್ಪತ್ತೊಂದು ವರ್ಷಗಳ ಮೇಲೆ, 1989ರಲ್ಲಿ, ‘ಅಪೂರ್ವ ಸಹೋದರರ್‌ಗಳ್’ ಚಿತ್ರದಲ್ಲಿ ಖಳನಾಗಿ ಬಂದಾಗ ‘ಅರೆ, ನಾಗೇಶರಿಗೆ ಇದೂ ಬರುತ್ತದೆಯೇ!’ ಎಂದು ಬೆರಗಾದವರು ವೈತ್ತಿಯನ್ನು ಎಲ್ಲಿ ಮರೆತಿದ್ದರೋ ಕಾಣೆ. ಎಲ್ಲವೂ ಮೊದಲ ಹತ್ತು ವರ್ಷಗಳಲ್ಲೇ ಇತ್ತು. ಅವರು ಎಲ್ಲಿಂದ ಎಲ್ಲಿಗೂ ಏರಲಿಲ್ಲ. ನಮಗೆ ಕಾಣಲು ತಡವಾಯಿತು.

1965ರ ‘ತಿರುವಿಳೈಯಾಡಲ್’ನ ಧರುಮಿಯನ್ನಂತೂ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪಾಂಡ್ಯರಾಜ ಸಾವಿರ ಹೊನ್ನು ಸಾರಿದ್ದಾನೆ; ಬಡ ಕವಿಗೆ ಪದ್ಯ ಹೊಳೆಯುತ್ತಿಲ್ಲ. ಗುಡಿಯಲ್ಲಿ ಒಬ್ಬನೇ ನಿಂತು ದೇವರೊಡನೆ ಗೊಣಗುತ್ತಾನೆ. ಎದುರಿಗೆ ಬಂದು ನಿಲ್ಲುವವನು ಶಿವ. ಆ ಶಿವನಾದರೂ ಯಾರು? ಶಿವಾಜಿ ಗಣೇಶನ್. ದೊಡ್ಡ ಕಂಠ, ದೊಡ್ಡ ನಿಲುವು. ಅವರ ಮುಂದೆ ಈ ಸಣಕಲು ಮನುಷ್ಯ ಬೆನ್ನು ಬಾಗಿಸಿ, ಕೈಕೈ ಹಿಸುಕಿಕೊಂಡು, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾನೆ. ಆಸೆ, ಅಂಜಿಕೆ, ಮೋಸ ಹೋದೇನೆಂಬ ಗುಮಾನಿ, ಹಸಿವು, ಪಂಡಿತನೆಂಬ ಕೊಂಚ ಜಂಬ, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ಇದನ್ನು ನೋಡಿ ನಾವು ನಗುತ್ತೇವೆ, ನಿಜ. ಆದರೆ ಬಡತನವನ್ನು ಇದಕ್ಕಿಂತ ಗಂಭೀರವಾಗಿ ತೋರಿಸಿದ ದೃಶ್ಯವೊಂದನ್ನು ಯಾರಾದರೂ ತೋರಿಸಿದರೆ ನನ್ನ ವಾದವನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಇನ್ನು ಕಂಠದ ಮಾತು. ಚೆಲ್ಲಪ್ಪನು ಬಾಲಯ್ಯನವರಿಗೆ ದೆವ್ವದ ಕಥೆ ಹೇಳುವ ದೃಶ್ಯದಲ್ಲಿ ದೆವ್ವವೂ ಇಲ್ಲ, ಕತ್ತಲೂ ಇಲ್ಲ. ಹೆದರಿಕೆಯೆಲ್ಲ ನಾಗೇಶರ ದನಿಯಲ್ಲಿ, ಬಾಲಯ್ಯನವರ ಮುಖದಲ್ಲಿ. ಇಂಥ ದನಿಯ ಮನುಷ್ಯ 1994ರಲ್ಲಿ ‘ಮಗಳಿರ್ ಮಟ್ಟುಂ’ ಚಿತ್ರಕ್ಕೆ ಹೆಣವಾಗಿ ಬಂದರು. ಮಾತಿಲ್ಲ, ಕಣ್ಣುರೆಪ್ಪೆ ಅಲುಗುವುದಿಲ್ಲ, ಎತ್ತಿದ ಕಡೆ ಎದ್ದು ಒರಗಿಸಿದ ಕಡೆ ಒರಗುವ ಹೆಣ. ನೋಡುವವರಿಗೆ ನಗು ತಡೆಯಲಾಗದು. ಅದೇ 1994ರಲ್ಲಿ ‘ನಮ್ಮವರ್’ ಚಿತ್ರದಲ್ಲಿ ಮಗಳನ್ನು ಕಳೆದುಕೊಂಡ ತಂದೆಯಾಗಿ ಅತ್ತರು. ಹೆಣಕ್ಕೆ ಏನೂ ಸಿಗಲಿಲ್ಲ. ಅತ್ತ ತಂದೆಗೆ ಪೋಷಕ ನಟನೆಂದು ರಾಷ್ಟ್ರಪ್ರಶಸ್ತಿ ಬಂತು. ಅಷ್ಟು ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು.

ಲೆಕ್ಕ ಸರಿಯಾಗಿರಲಿ. ನಟರಿಗೆ ರಾಷ್ಟ್ರಪ್ರಶಸ್ತಿ ಆರಂಭವಾದದ್ದೇ 1967ರ ಚಿತ್ರಗಳಿಂದ, ಪೋಷಕ ನಟರಿಗೆ 1984ರ ಚಿತ್ರಗಳಿಂದ. ಆದ್ದರಿಂದ ಧರುಮಿಗೆ ಏಕೆ ಕೊಡಲಿಲ್ಲವೆಂದು ನಾನು ಕೇಳುವುದಿಲ್ಲ. ಆದರೆ ಪದ್ಮ ಪ್ರಶಸ್ತಿಗಳಿಗೆ ಆ ನೆಪವಿಲ್ಲ. 2009ರ ಜನವರಿ 31ರಂದು ನಾಗೇಶ್ ತೀರಿಕೊಳ್ಳುವವರೆಗೂ ಪದ್ಮಶ್ರೀ ಕೂಡ ಬರಲಿಲ್ಲ. ಬಿ.ಎಸ್‌ಸಿ. ಪ್ರಯೋಗಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಇಷ್ಟೇ: ತಕ್ಕಡಿ ಪ್ರತಿಸಲವೂ ಒಂದೇ ಕಡೆಗೆ ವಾಲಿದರೆ ಸಾಮಾನನ್ನು ಬೈಯಬೇಡಿ, ತಕ್ಕಡಿಯನ್ನು ನೋಡಿ.

ಆ ತಕ್ಕಡಿ ಇನ್ನೂ ಹಾಗೆಯೇ ಇದೆ. ನಮ್ಮ ಊರಿನವರೇ ಆದ ಎಂ.ಎಸ್. ಭಾಸ್ಕರ್ ಅವರನ್ನು ನೋಡಿ. ‘ಚಿನ್ನ ಪಾಪ ಪೆರಿಯ ಪಾಪ’ ಧಾರಾವಾಹಿಯಲ್ಲಿ ಮನೆಮನೆ ನಗಿಸಿದವರು. ಡಬ್ಬಿಂಗ್ ಕೋಣೆಯ ಕತ್ತಲಲ್ಲಿ ನಿಂತು ಎಷ್ಟೋ ಪರಭಾಷಾ ನಟರಿಗೆ ತಮಿಳು ಕಂಠ ಕೊಟ್ಟವರು. ರಾಷ್ಟ್ರಪ್ರಶಸ್ತಿ ಸಿಕ್ಕಿದ್ದು 2023ರ ‘ಪಾರ್ಕಿಂಗ್’ ಚಿತ್ರಕ್ಕೆ, ಘೋಷಣೆಯಾದದ್ದು 2025ರಲ್ಲಿ. ಅದರಲ್ಲಿ ಅವರು ಸಿಡುಕಿನ ಸರ್ಕಾರಿ ನೌಕರ. ಪ್ರಶಸ್ತಿ ನ್ಯಾಯವಾದದ್ದೇ. ಆದರೆ ಅಷ್ಟು ವರ್ಷ ಕೊಟ್ಟ ಕಂಠ? ಹಿನ್ನೆಲೆಯಲ್ಲಿ ಹಾಡುವವರಿಗೆ ರಾಷ್ಟ್ರಪ್ರಶಸ್ತಿಯುಂಟು, ಹಿನ್ನೆಲೆಯಲ್ಲಿ ಮಾತಾಡುವವರಿಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಕೇರಳ, ತಮಿಳುನಾಡು ರಾಜ್ಯ ಪ್ರಶಸ್ತಿಗಳಲ್ಲಿ ಅದಕ್ಕೆ ಜಾಗವಿದೆ. ದೆಹಲಿಗೆ ಕಿವಿ ಮಂದ.

ಕಿವಿ ಮಂದ ಎಂದಾಗ ನಮ್ಮ ಟಿ.ಎನ್. ಬಾಲಕೃಷ್ಣ ನೆನಪಾಗುತ್ತಾರೆ. ನಿಜಕ್ಕೂ ಕಿವಿ ಕೇಳಿಸದ ಅವರು ಎದುರಿನವರ ತುಟಿ ನೋಡಿಕೊಂಡೇ ನೂರಾರು ಕನ್ನಡ ಚಿತ್ರಗಳಲ್ಲಿ ಕುತಂತ್ರಿಯೂ ಆದರು, ಕೋಡಂಗಿಯೂ ಆದರು. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಚೂಟಪ್ಪನಾಗಿ ಕಣ್ಣು ಒದ್ದೆ ಮಾಡಿಸಿದರು. ಅವರಿಗೆ ಯಾವ ಇಸವಿಯಲ್ಲಿ ಬಡ್ತಿ ಸಿಕ್ಕಿತೆಂದು ಯಾರಾದರೂ ಹೇಳಬಲ್ಲರೇ?

ದೆಹಲಿಯನ್ನು ಬೈಯುವುದು ಸುಲಭ. ನಮ್ಮ ಸಂಘದ ನಾಟಕ ಸ್ಪರ್ಧೆಯ ನಿಯಮಾವಳಿಯನ್ನು ತೆಗೆದು ನೋಡಿ. ಉತ್ತಮ ನಟ, ಉತ್ತಮ ನಟಿ. ಅವೆರಡರ ಕೆಳಗೆ, ಅರ್ಧ ಮೊತ್ತಕ್ಕೆ, ಉತ್ತಮ ಹಾಸ್ಯನಟ. ಹಾಸ್ಯಪಾತ್ರ ಮಾಡಿದವರನ್ನು ಮೊದಲೆರಡು ಬಹುಮಾನಗಳಿಗೆ ಪರಿಗಣಿಸುವುದೇ ಇಲ್ಲ. ಹಾಗಾಗಿ ನಮ್ಮ ಹುಡುಗರು ಮೂರನೆಯ ಅಂಕದಲ್ಲಿ ಕೆಮ್ಮಿ ಸಾಯುವ ಪಾತ್ರಕ್ಕೆ ಕಿತ್ತಾಡುತ್ತಾರೆ. ಸಮಯ ಸಾಧಿಸಿ ಮಾತು ಬಿಡುವ, ನಾಲ್ಕು ನೂರು ಜನರ ನಗು ಇಳಿಯುವವರೆಗೆ ಕಾದು ಮುಂದಿನ ಮಾತೆತ್ತುವ ಕಷ್ಟದ ಕೆಲಸಕ್ಕೆ ಯಾರೂ ಮುಂದೆ ಬರುವುದಿಲ್ಲ. ಮನೆಯಲ್ಲೂ ಅಷ್ಟೇ. ಅತ್ತೆ ಮಾವಂದಿರ ನಡಿಗೆ, ಮಾತು ಅಣಕಿಸಿ ತೋರಿಸುವ ಮಗುವಿಗೆ ‘ಮಂಗಾಟ ಸಾಕು’ ಎನ್ನುತ್ತೇವೆ. ನಮ್ಮ ಮಕ್ಕಳಿಗೆ ಕನ್ನಡ ಮಾತಿನ ವರಸೆ ಬರುವುದೇ ಇಂಥ ಅಣಕದಿಂದ, ಶಾಲೆಯಲ್ಲಂತೂ ಕನ್ನಡವಿಲ್ಲ.

ಪ್ರತ್ಯೇಕ ಬಹುಮಾನ ಇರುವುದರಿಂದಲೇ ಹಾಸ್ಯದವರಿಗೆ ಅಷ್ಟಾದರೂ ಸಿಗುತ್ತದೆ, ತೆಗೆದರೆ ಅದೂ ಹೋಗುತ್ತದೆ ಎಂಬುದು ಕಾರ್ಯದರ್ಶಿಗಳ ವಾದ. ಅವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಪಂಕ್ತಿಯ ಕೊನೆಯಲ್ಲಿ ಬೇರೆ ಎಲೆ ಹಾಕಿ, ‘ಊಟವಂತೂ ಸಿಕ್ಕಿತಲ್ಲ’ ಎನ್ನುವ ಮಾತಿದು. ಆ ಮೂರನೆಯ ಬಹುಮಾನವನ್ನು ರದ್ದುಮಾಡಿ ಅದರ ಹಣವನ್ನು ಮೊದಲೆರಡಕ್ಕೆ ಸೇರಿಸಿ. ಹಾಸ್ಯಪಾತ್ರಗಳನ್ನೂ ಅದೇ ಎಲೆಯ ಮುಂದೆ ಕೂರಿಸಿ. ತೀರ್ಪುಗಾರರಲ್ಲಿ ಒಬ್ಬರಾದರೂ ರಂಗದ ಮೇಲೆ ನಗಿಸಿ ಗೊತ್ತಿದ್ದವರಿರಲಿ. ಈ ತಿದ್ದುಪಡಿಯನ್ನು ಬರೆದು ಕೊಟ್ಟಿದ್ದೇನೆ. ಸೂಚಕನಾಗಿ ನಾನಿದ್ದೇನೆ. ಹತ್ತು ಸದಸ್ಯರ ಸಹಿ ಬೇಕು, ಈವರೆಗೆ ನಾಲ್ಕು ಬಿದ್ದಿವೆ. ಪ್ರತಿ ಸಂಘದ ವಾಚನಾಲಯದ ಮೇಜಿನ ಮೇಲಿದೆ, ಪಕ್ಕದಲ್ಲಿ ಪೆನ್ನನ್ನೂ ಇಟ್ಟಿದ್ದೇನೆ.