ಎಣ್ಣೆಯ ಜಿಡ್ಡು ಹೇಳುವ ಮಾತು

ಹಾದಿಯಿಲ್ಲದೆಡೆ ಹಾದಿ ಮಾಡಿಕೊಂಡು, ಕೆಸರು, ಮರಳು, ಕಲ್ಲುದಿಬ್ಬಗಳ ಮೇಲೆ ನೆಗೆದೋಡುವುದಕ್ಕಾಗಿಯೇ ನಿರ್ಮಿತವಾದ ಮೋಟಾರ್‌ಸೈಕಲ್ಲಿಗೆ ಡರ್ಟ್ ಬೈಕ್ ಎಂದು ಹೆಸರು. ಟೂ-ಸ್ಟ್ರೋಕ್ ಇಂಜಿನಿನ ಇಂಥದೊಂದು ಗಾಡಿಯನ್ನು ಹೊಸದಾಗಿ ಕೊಂಡವನು ಕೆಲವು ದಿನ ಓಡಿಸಿದ ತರುವಾಯ ಗಾಳಿಯ ಫಿಲ್ಟರನ್ನು ತೊಳೆಯಲೆಂದು ಕಳಚುತ್ತಾನೆ. ಅದರ ಹಿಂದಿರುವ ರಬ್ಬರು ಕೊಳವೆಯೊಳಗೆ ಬೆರಳಾಡಿಸಿದರೆ ಬೆರಳಿಗೆ ಜಿಡ್ಡು ಹತ್ತುತ್ತದೆ. ಗಾಳಿ ಮಾತ್ರ ಸಾಗಬೇಕಾದ ದಾರಿಯಲ್ಲಿ ಈ ಎಣ್ಣೆ ಎಲ್ಲಿಂದ ಬಂತು?

ಪೆಟ್ರೋಲಿಗೆ ಬೆರೆಸಿದ ಎಣ್ಣೆ ಹೆಚ್ಚಾಗಿದೆ, ಇನ್ನು ಮುಂದೆ ಕಡಮೆ ಮಾಡಬೇಕು ಎಂಬುದೇ ಬಹುಮಂದಿಗೆ ಮೊದಲು ಹೊಳೆಯುವ ಪರಿಹಾರ. ಕೇಳಲು ಸಮಂಜಸವಾಗಿಯೇ ಇದೆ. ಆದರೆ ಇದು ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಂಡಂತಹ ಚಿಕಿತ್ಸೆ. ಜಿಡ್ಡಿನ ಕಾರಣವು ಬೇರೆಲ್ಲೋ ಇರುತ್ತದೆ. ಎಣ್ಣೆ ಕಡಮೆಯಾದುದರ ದಂಡವನ್ನು ಪಿಸ್ಟನ್ ತೆರಬೇಕಾಗುತ್ತದೆ.

ಎಣ್ಣೆ ಕುಡಿಯುವ ಇಂಜಿನು

ಫೋರ್-ಸ್ಟ್ರೋಕ್ ಇಂಜಿನಿನಲ್ಲಿ ಎಣ್ಣೆಗೆ ಪ್ರತ್ಯೇಕವಾದ ತೊಟ್ಟಿ ಉಂಟು. ಪಂಪು ಅದನ್ನು ಬೇಕಾದೆಡೆಗೆ ಒಯ್ಯುತ್ತದೆ. ಕೆಲಸ ಮುಗಿಸಿದ ಎಣ್ಣೆ ಮತ್ತೆ ತೊಟ್ಟಿಗೇ ಬರುತ್ತದೆ. ಟೂ-ಸ್ಟ್ರೋಕ್ ಇಂಜಿನಿನ ವ್ಯವಸ್ಥೆಯೇ ಬೇರೆ. ೧೮೯೧ರಲ್ಲಿ ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ ಎಂಬಾತನು ಪೇಟೆಂಟು ಪಡೆದ ಮಾದರಿಯಲ್ಲಿ, ಪಿಸ್ಟನ್ ಮೇಲೇರಿದಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸ್ ಎಂಬ ಕೋಣೆಯು ಗಾಳಿ-ಇಂಧನಗಳ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಪಿಸ್ಟನ್ ಕೆಳಗಿಳಿದಾಗ ಅದೇ ಮಿಶ್ರಣವು ಅದುಮಲ್ಪಟ್ಟು ಸಿಲಿಂಡರಿಗೆ ನುಗ್ಗುತ್ತದೆ. ಈ ಕೋಣೆಯೇ ಉಸಿರಾಟದ ದಾರಿಯಾದುದರಿಂದ ಅಲ್ಲಿ ಎಣ್ಣೆಯನ್ನು ತುಂಬಿಡುವಂತಿಲ್ಲ. ಆದುದರಿಂದಲೇ ಎಣ್ಣೆಯನ್ನು ಪೆಟ್ರೋಲಿನಲ್ಲಿ ಬೆರೆಸಿ ಕುಡಿಸುವುದು. ಅದು ಬೇರಿಂಗುಗಳನ್ನೂ ಪಿಸ್ಟನನ್ನೂ ತೋಯಿಸಿ, ಕೊನೆಗೆ ಪೆಟ್ರೋಲಿನೊಡನೆ ಉರಿದು ಹೊಗೆಯಾಗಿ ಹೋಗುತ್ತದೆ.

೧೯೬೧ರಿಂದ ೧೯೯೬ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ದಿ ಗಾಡಿಗಳೂ ಇದೇ ಜಾತಿಯವು. ಬಂಕಿನಲ್ಲಿ ಪೆಟ್ರೋಲಿನ ಜೊತೆಗೆ ಎಣ್ಣೆಯನ್ನೂ ಅಳೆದು ಹಾಕಿಸಿಕೊಂಡ ನೆನಪು ಅವುಗಳ ಒಡೆಯರಿಗೆ ಇನ್ನೂ ಮಾಸಿರಲಾರದು. ೧೯೬೪ರಲ್ಲಿ ಜಪಾನಿನ ಯಮಾಹಾ ಕಂಪನಿಯು ಎಣ್ಣೆಯನ್ನು ಪ್ರತ್ಯೇಕ ಪಂಪಿನಿಂದ ಒದಗಿಸುವ ಏರ್ಪಾಟನ್ನು ತನ್ನ ಗಾಡಿಗಳಲ್ಲಿ ತಂದಿತು. ಆದರೆ ಪಂದ್ಯದ ಡರ್ಟ್ ಬೈಕುಗಳಲ್ಲಿ ಕೈಯಿಂದ ಬೆರೆಸುವ ಪದ್ಧತಿ ಇಂದಿಗೂ ಉಳಿದಿದೆ.

ಜಿಡ್ಡು ಹುಟ್ಟುವ ಬಗೆ

ಪೆಟ್ರೋಲು ಬೇಗನೆ ಆವಿಯಾಗುವ ವಸ್ತು, ಎಣ್ಣೆ ಹಾಗಲ್ಲ. ಎಣ್ಣೆ ಬೆರೆತ ಪೆಟ್ರೋಲಿನ ಹನಿ ಎಲ್ಲಿ ಬಿದ್ದರೂ ಪೆಟ್ರೋಲು ಹಾರಿಹೋಗಿ ಎಣ್ಣೆ ಅಲ್ಲೇ ಉಳಿಯುತ್ತದೆ. ಕಾರ್ಬ್ಯುರೇಟರಿನಿಂದ ಮುಂದಕ್ಕೆ ಹೊರಟ ಮಿಶ್ರಣವೆಲ್ಲವೂ ಇಂಜಿನಿನೊಳಕ್ಕೆ ಹೋಗುವುದೂ ಇಲ್ಲ. ಒಳಹೋಗುವ ಬಾಗಿಲಲ್ಲಿ ರೀಡ್ ವಾಲ್ವ್ ಎಂಬ ತೆಳುವಾದ ಎಸಳುಗಳಿದ್ದು, ಅವು ಉಸಿರೆಳೆದಾಗ ತೆರೆಯುತ್ತವೆ, ಒತ್ತಡ ಬಿದ್ದಾಗ ಮುಚ್ಚುತ್ತವೆ. ಈ ತೆರೆದು ಮುಚ್ಚುವ ಕ್ರಿಯೆ ನಿಮಿಷಕ್ಕೆ ಸಾವಿರಾರು ಸಲ ನಡೆಯುವಾಗ ಒಂದಿಷ್ಟು ತುಂತುರು ಹಿಂದಕ್ಕೆ ಉಗುಳಲ್ಪಡುವುದು ಸಹಜ. ಆದ್ದರಿಂದ ಕಾರ್ಬ್ಯುರೇಟರಿನ ಬಾಯಲ್ಲಿ ತೆಳ್ಳನೆಯ ಎಣ್ಣೆಯ ಪೊರೆ ಕಂಡರೆ ಗಾಬರಿಗೆ ಕಾರಣವಿಲ್ಲ. ಕೊಳವೆಯ ತಳದಲ್ಲಿ ಎಣ್ಣೆ ಮಡುವಾಗಿ ನಿಂತರೆ, ಫಿಲ್ಟರಿನ ಒಳಮೈ ತೊಯ್ದರೆ, ಆಗ ಮಾತ್ರ ವಿಚಾರಣೆ ಅಗತ್ಯ.

ವಿಚಾರಣೆಯಲ್ಲಿ ಮೊದಲನೆಯ ಸಾಕ್ಷಿ ಬೆರಳೇ. ಜಿಡ್ಡು ಅಂಟಂಟಾಗಿ, ಎಳೆದರೆ ನೂಲಿನಂತೆ ಬಂದರೆ, ಅದು ಸ್ಪಂಜಿನ ಫಿಲ್ಟರಿಗೆ ಧೂಳು ಹಿಡಿಯಲೆಂದು ಹಚ್ಚಿದ ಎಣ್ಣೆ. ಹಚ್ಚಿದವನು ಹಿಂಡುವುದನ್ನು ಮರೆತಿದ್ದಾನೆ. ತೆಳುವಾಗಿ ಜಾರುತ್ತ ಪೆಟ್ರೋಲಿನ ವಾಸನೆ ಬಂದರೆ, ಅದು ಇಂಧನದಲ್ಲಿ ಬೆರೆತ ಎಣ್ಣೆ. ಈ ಎರಡನೆಯದಾದರೆ ದೃಷ್ಟಿ ಕಾರ್ಬ್ಯುರೇಟರಿನ ಕಡೆಗೆ ಹೊರಳಬೇಕು.

ಲಾಟೀನಿನ ಬತ್ತಿಯ ನ್ಯಾಯ

ಲಾಟೀನಿನ ಬತ್ತಿಯನ್ನು ಅಗತ್ಯಕ್ಕಿಂತ ಏರಿಸಿದರೆ ಬೆಳಕು ಹೆಚ್ಚುವುದಿಲ್ಲ. ಬುರುಡೆಗೆ ಮಸಿ ಹಿಡಿಯುತ್ತದೆ. ಕಾರ್ಬ್ಯುರೇಟರಿನದೂ ಅದೇ ನ್ಯಾಯ. ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು ೧೪.೭ ಭಾಗ ಗಾಳಿ ಬೇಕು. ಹೆಚ್ಚಿನ ಶಕ್ತಿ ದೊರೆಯುವುದು ಗಾಳಿ ಅದಕ್ಕಿಂತ ತುಸು ಕಡಮೆಯಾಗಿ, ೧೩ ಭಾಗದ ಆಸುಪಾಸಿನಲ್ಲಿದ್ದಾಗ. ಪೆಟ್ರೋಲು ಮಿತಿಮೀರಿದರೆ ಮಿಶ್ರಣ ದಟ್ಟವಾಯಿತು, ಅಂದರೆ ಮೆಕ್ಯಾನಿಕ್ಕಿನ ಮಾತಿನಲ್ಲಿ ‘ರಿಚ್’. ಕೊರತೆಯಾದರೆ ತೆಳುವಾಯಿತು, ಅಂದರೆ ‘ಲೀನ್’.

ಈ ಅಳತೆಯನ್ನು ಕಾಯುವವು ಜೆಟ್ ಎಂಬ ಹಿತ್ತಾಳೆಯ ಪುಟ್ಟ ತುಂಡುಗಳು. ಪ್ರತಿಯೊಂದರ ನಡುವೆ ಒಂದು ಸೂಕ್ಷ್ಮವಾದ ರಂಧ್ರ, ಮೈಮೇಲೆ ಒಂದು ಸಂಖ್ಯೆ. ಒಂದೇ ಮಾದರಿಯ ಜೆಟ್ಟುಗಳಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪೆಟ್ರೋಲು ಹೆಚ್ಚು. ಒಂದೇ ಜೆಟ್ ಎಲ್ಲ ಕಾಲಕ್ಕೂ ದುಡಿಯುವುದಿಲ್ಲ. ಥ್ರಾಟಲನ್ನು ಕಾಲುಭಾಗದವರೆಗೆ ತಿರುಗಿಸಿದಾಗ ಪೈಲಟ್ ಜೆಟ್ಟಿನದು ಮುಖ್ಯಪಾತ್ರ. ಅಲ್ಲಿಂದ ಮುಕ್ಕಾಲಿನವರೆಗೆ ಮೊನೆಯಾದ ಸೂಜಿಯ ಆಳ್ವಿಕೆ. ಅದರಾಚೆಗೆ, ಪೂರ್ತಿ ತೆರೆದಾಗ, ಮೇನ್ ಜೆಟ್ಟಿನ ಅಧಿಕಾರ. ಇವರ ಸರಹದ್ದುಗಳು ಒಂದರೊಳಗೊಂದು ತುಸು ಚಾಚಿಕೊಂಡಿರುತ್ತವೆಂಬುದೂ ನಿಜ.

ಕಾಡುದಾರಿಯಲ್ಲಿ ನಿಧಾನವಾಗಿ ಅಲೆಯುವವನು ಬಹುಕಾಲ ಪೈಲಟ್ ಜೆಟ್ಟಿನ ಸರಹದ್ದಿನಲ್ಲೇ ಇರುತ್ತಾನೆ. ಅವನ ಗಾಡಿಯಲ್ಲಿ ಜಿಡ್ಡು ಕಂಡಾಗ ಮೇನ್ ಜೆಟ್ಟನ್ನು ಬದಲಿಸಿದರೆ ಪ್ರಯೋಜನವೇನು? ಪೈಲಟ್ ಜೆಟ್ ದಟ್ಟವಾಗಿದ್ದರೆ ಉರಿ ತಣ್ಣಗಾಗುತ್ತದೆ, ಎಣ್ಣೆ ಪೂರ್ತಿ ಉರಿಯದೆ ಸೈಲೆನ್ಸರಿನ ಕೀಲುಗಳಲ್ಲಿ ಕಪ್ಪಾಗಿ ಸೋರುತ್ತದೆ, ಒಳದಾರಿಯ ಗೋಡೆಗಳೂ ಹಸಿಯಾಗುತ್ತವೆ. ಇಂಜಿನಿನ ದನಿಯೂ ಗೊಗ್ಗರಾಗಿ, ತಡವರಿಸುವಂತೆ ಕೇಳುತ್ತದೆ.

ಊರು ಬದಲಾದರೆ ಜೆಟ್ಟೂ ಬದಲು

ಒಂದೂರಿನಲ್ಲಿ ಸರಿಯಾದ ಜೆಟ್ ಇನ್ನೊಂದೂರಿನಲ್ಲಿಯೂ ಸರಿಯಾಗಿರಬೇಕೆಂದೇನೂ ಇಲ್ಲ. ಅಮೆರಿಕದ ಡೆನ್ವರ್ ನಗರವು ಸಮುದ್ರಮಟ್ಟದಿಂದ ಸುಮಾರು ೧,೬೦೦ ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯು ಕಡಲತೀರದ ಗಾಳಿಗಿಂತ ಹೆಚ್ಚುಕಡಮೆ ಶೇಕಡಾ ೧೫ರಷ್ಟು ವಿರಳ. ಕ್ಯಾಲಿಫೋರ್ನಿಯದ ಕಡಲತಡಿಯಲ್ಲಿ ಹದವಾಗಿ ಓಡುತ್ತಿದ್ದ ಗಾಡಿಯನ್ನು ಅಲ್ಲಿಗೊಯ್ದರೆ, ಜೆಟ್ ಅದೇ, ಗಾಳಿ ಮಾತ್ರ ಕಡಮೆ. ಮಿಶ್ರಣ ತಾನಾಗಿಯೇ ದಟ್ಟವಾಗುತ್ತದೆ, ಜಿಡ್ಡು ಹೆಚ್ಚುತ್ತದೆ. ಬಿಸಿಲಿನದೂ ಹೀಗೆಯೇ: ೦ ಡಿಗ್ರಿ ಸೆಲ್ಸಿಯಸಿನ ಚಳಿಗಾಳಿಗೆ ಹೋಲಿಸಿದರೆ ೪೦ ಡಿಗ್ರಿಯ ಬಿಸಿಗಾಳಿ ಸುಮಾರು ಶೇಕಡಾ ೧೩ರಷ್ಟು ವಿರಳ. ಬೆಟ್ಟದ ಮೇಲೆ ಚಿಕ್ಕ ಜೆಟ್ ಹಾಕಿಕೊಂಡವನು ಕಣಿವೆಗೆ ಇಳಿದಾಗ ದೊಡ್ಡದನ್ನು ಮತ್ತೆ ಹಾಕಲೇಬೇಕು. ಮರೆತರೆ ಮಿಶ್ರಣ ತೆಳುವಾಗಿ ಅಪಾಯ ಹಿಂಬಾಲಿಸುತ್ತದೆ.

ಎಣ್ಣೆ ಕಡಮೆ ಮಾಡಿದರೆ

ಆ ಅಪಾಯವೇನೆಂಬುದನ್ನು ಲೆಕ್ಕದಿಂದಲೇ ನೋಡಬಹುದು. ಐದು ಲೀಟರ್ ಪೆಟ್ರೋಲಿಗೆ ೩೨ಕ್ಕೆ ಒಂದರಂತೆ ಬೆರೆಸಿದರೆ ಎಣ್ಣೆ ಸುಮಾರು ೧೫೬ ಮಿಲಿಲೀಟರ್. ೫೦ಕ್ಕೆ ಒಂದರಂತೆ ಬೆರೆಸಿದರೆ ೧೦೦. ತಯಾರಕನು ೩೨ಕ್ಕೆ ಒಂದು ಎಂದು ಹೇಳಿದ್ದ ಗಾಡಿಗೆ ೫೦ಕ್ಕೆ ಒಂದು ಹಾಕಿದರೆ, ಬೇರಿಂಗಿಗೂ ಪಿಸ್ಟನಿಗೂ ಸಲ್ಲಬೇಕಾದ ಎಣ್ಣೆಯಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಡಿತವಾಯಿತು. ಮಿಶ್ರಣ ತೆಳುವಾಯಿತೇ? ಅದೂ ಇಲ್ಲ. ಜೆಟ್ಟಿನ ರಂಧ್ರಕ್ಕೆ ಎಣ್ಣೆ ಬೇರೆ, ಪೆಟ್ರೋಲು ಬೇರೆ ಎಂಬ ಭೇದವಿಲ್ಲ. ಅದು ಅಳೆಯುವುದು ಒಟ್ಟು ದ್ರವವನ್ನು. ಎಣ್ಣೆ ಬಿಟ್ಟ ಜಾಗವನ್ನು ಪೆಟ್ರೋಲು ತುಂಬಿ, ಮಿಶ್ರಣವು ಶೇಕಡಾ ಒಂದರಷ್ಟು ಇನ್ನೂ ದಟ್ಟವಾಗುತ್ತದೆ! ದಟ್ಟ ಮಿಶ್ರಣದಿಂದಲೇ ಜಿಡ್ಡಾಗಿದ್ದರೆ ರೋಗ ಹಾಗೆಯೇ ಉಳಿದು ರಕ್ಷಣೆ ಮಾತ್ರ ಹೋಯಿತು.

ರಕ್ಷಣೆ ತಪ್ಪಿದ ಪಿಸ್ಟನ್ ಬಿಸಿಯಿಂದ ಹಿಗ್ಗಿ ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಇದನ್ನೇ ಇಂಜಿನ್ ‘ಸೀಜ್’ ಆಯಿತೆನ್ನುವುದು. ತೆಳು ಮಿಶ್ರಣದಿಂದ ಸಂಭವಿಸುವ ಅನಾಹುತವೂ ಇದೇ. ಅಲ್ಲಿ ಉರಿ ಬಿಸಿಯಾಗುತ್ತದೆ, ಜೊತೆಗೆ ಪೆಟ್ರೋಲಿನೊಡನೆ ಬರಬೇಕಾದ ಎಣ್ಣೆಯೂ ಕಡಮೆಯಾಗುತ್ತದೆ. ವೇಗದಲ್ಲಿರುವಾಗ ಇಂಜಿನ್ ಹೀಗೆ ಹಿಡಿದುಕೊಂಡರೆ ಹಿಂದಿನ ಚಕ್ರ ಥಟ್ಟನೆ ನಿಲ್ಲುತ್ತದೆ. ಆ ಕ್ಷಣವೇ ಕ್ಲಚ್ಚನ್ನು ಹಿಡಿಯದಿದ್ದರೆ ಸವಾರನು ನೆಲದ ಮೇಲಿರುತ್ತಾನೆ. ದಟ್ಟ ಮಿಶ್ರಣ ಕೆಡಿಸುವುದು ಪ್ಲಗ್ಗನ್ನು. ತೆಳು ಮಿಶ್ರಣ ಮುರಿಯಬಹುದಾದುದು ಸವಾರನ ಎಲುಬನ್ನು.

ಜೆಟ್ಟಲ್ಲದ ಕಾರಣಗಳು

ಜೆಟ್ ಸರಿಯಾಗಿದ್ದೂ ಜಿಡ್ಡು ನಿಲ್ಲದಿರುವುದುಂಟು. ಆಗ ರೀಡ್ ವಾಲ್ವನ್ನು ಕಳಚಿ ಬೆಳಕಿಗೆ ಹಿಡಿಯಬೇಕು. ಎಸಳಿನ ತುದಿ ಸೀಳಿದ್ದರೆ ಅಥವಾ ಸಂದಿಯಲ್ಲಿ ಬೆಳಕು ತೂರಿದರೆ ತುಂತುರು ಹಿಂದಕ್ಕೆ ಬರುವುದು ಹೆಚ್ಚು. ಹಾಗೆ ಹಿಂದೆ ಬಂದ ಗಾಳಿ ಮತ್ತೆ ಮುಂದೆ ಹೋಗುವಾಗ ಇನ್ನೊಮ್ಮೆ ಪೆಟ್ರೋಲನ್ನು ಹೊತ್ತುಕೊಂಡು ದಟ್ಟವಾಗುತ್ತದೆ. ಕಾರ್ಬ್ಯುರೇಟರಿನ ಬಟ್ಟಲಲ್ಲಿ ತೇಲುವ ಫ್ಲೋಟಿನ ಮಟ್ಟ ತಪ್ಪಿದ್ದರೆ, ಅದರ ಮುಳ್ಳು ಸವೆದಿದ್ದರೆ, ನಿಂತ ಗಾಡಿಯಲ್ಲಿಯೂ ಇಂಧನ ತುಳುಕುತ್ತದೆ. ಕ್ಲಚ್ಚಿನ ಬದಿಯ ಕ್ರ್ಯಾಂಕ್ ಸೀಲ್ ಹರಿದಿದ್ದರೆ ಗೇರ್‌ಬಾಕ್ಸಿನ ಎಣ್ಣೆಯೇ ಕ್ರ್ಯಾಂಕ್‌ಕೇಸಿಗೆ ಎಳೆಯಲ್ಪಡುತ್ತದೆ. ಬಿಳಿಯ ಹೊಗೆ ಮತ್ತು ದಿನೇ ದಿನೇ ಇಳಿಯುವ ಗೇರ್ ಎಣ್ಣೆ ಇದರ ಗುರುತು. ಇನ್ನೊಂದು ಬದಿಯ ಸೀಲ್ ಹರಿದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಇವಾವುದಕ್ಕೂ ಜೆಟ್ ಮದ್ದಲ್ಲ.

ವಾರಗಟ್ಟಲೆ ಮೂಲೆಗೆ ನಿಂತ ಗಾಡಿಯ ಕಥೆ ಇನ್ನೂ ವಿಚಿತ್ರ. ಬಟ್ಟಲಿನ ಪೆಟ್ರೋಲು ಆರಿಹೋಗಿ ಎಣ್ಣೆ ಅಂಟಾಗಿ ಉಳಿಯುತ್ತದೆ. ಪೈಲಟ್ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿನಷ್ಟು ಕಿರಿದು. ಅದಕ್ಕೆ ಈ ಅಂಟು ಬಿರಡೆಯಾಗುತ್ತದೆ. ಮೊನ್ನೆಯವರೆಗೆ ದಟ್ಟವಾಗಿದ್ದ ಗಾಡಿ ಇಂದು ತೆಳುವಾಗಿ ಓಡುತ್ತದೆ. ಗಾಡಿಯನ್ನು ನಿಲ್ಲಿಸಿಡುವ ಮುನ್ನ ಬಟ್ಟಲನ್ನು ಬರಿದುಮಾಡಿದರೆ ಈ ತೊಂದರೆ ತಪ್ಪುತ್ತದೆ.

ಹದ ಹಿಡಿಯುವ ಕ್ರಮ

ತಯಾರಕನು ಹೇಳಿದ ಪ್ರಮಾಣದಲ್ಲಿ ಎಣ್ಣೆಯನ್ನು ಅಳೆದೇ ಬೆರೆಸುವುದು ಮೊದಲನೆಯ ನಿಯಮ; ಕಣ್ಣಳತೆ ಸಲ್ಲದು. ಆಮೇಲೆ ಆ ಪ್ರಮಾಣವನ್ನು ಮುಟ್ಟಬಾರದು. ಫಿಲ್ಟರನ್ನು ತೊಳೆದು, ಎಣ್ಣೆ ಹಚ್ಚಿ, ಚೆನ್ನಾಗಿ ಹಿಂಡಿ, ಕೊಳವೆಯನ್ನು ಒರೆಸಿ, ಹೊಸ ಪ್ಲಗ್ ಹಾಕಬೇಕು. ಇಂಜಿನು ಪೂರ್ತಿ ಬಿಸಿಯಾದ ಬಳಿಕವೇ ಪರೀಕ್ಷೆ. ಮೊದಲು ಪೈಲಟ್: ಗಾಳಿಯ ತಿರುಪನ್ನು ಪೂರ್ತಿ ಮುಚ್ಚಿದಲ್ಲಿಂದ ಮೆಲ್ಲನೆ ಬಿಚ್ಚುತ್ತ ಹೋದರೆ ಒಂದೆಡೆ ಇಂಜಿನು ಅತ್ಯಂತ ಚುರುಕಾಗಿ ಓಡುತ್ತದೆ. ಆ ತಾಣ ಒಂದು ಸುತ್ತಿಗಿಂತ ಈಚೆಗಿದ್ದರೆ ದೊಡ್ಡ ಪೈಲಟ್ ಜೆಟ್ ಬೇಕು. ಎರಡೂವರೆ ಸುತ್ತಿಗಿಂತ ಆಚೆಗಿದ್ದರೆ ಚಿಕ್ಕದು. ಅನಂತರ ಸೂಜಿ, ಕೊನೆಗೆ ಮೇನ್ ಜೆಟ್. ಮೇನ್ ಜೆಟ್ಟನ್ನು ದೊಡ್ಡದರಿಂದ ಚಿಕ್ಕದಕ್ಕೆ ಒಂದೊಂದೇ ಮೆಟ್ಟಿಲು ಇಳಿಯಬೇಕೇ ಹೊರತು ಚಿಕ್ಕದರಿಂದ ಮೇಲೇರಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿಯೊಂದನ್ನೂ ಅಂದಿನ ಬಿಸಿಲು, ಊರಿನ ಎತ್ತರಗಳೊಡನೆ ಪುಸ್ತಕದಲ್ಲಿ ಬರೆದಿಡಬೇಕು. ಪ್ಲಗ್ಗಿನ ತುದಿ ಕಂದಾಗಿದ್ದರೆ ಹದ. ಕಪ್ಪಾಗಿ ತೊಯ್ದಿದ್ದರೆ ದಟ್ಟ. ಬೂದಿಯಂತೆ ಬೆಳ್ಳಗಾಗಿದ್ದರೆ ಅಲ್ಲಿಗೇ ಗಾಡಿಯನ್ನು ನಿಲ್ಲಿಸಬೇಕು.

೨೦೧೭ರಲ್ಲಿ ಆಸ್ಟ್ರಿಯದ ಕೆಟಿಎಂ ಕಂಪನಿಯು ಗಾಳಿಯ ಒತ್ತಡವನ್ನೂ ಬಿಸಿಯನ್ನೂ ತಾನೇ ಅಳೆದು ಪೆಟ್ರೋಲನ್ನು ಚಿಮ್ಮಿಸುವ ಟೂ-ಸ್ಟ್ರೋಕ್ ಡರ್ಟ್ ಬೈಕುಗಳನ್ನು ಪ್ರಕಟಿಸಿತು. ಅಂಥ ಗಾಡಿಯ ಒಡೆಯನಿಗೆ ಜೆಟ್ಟುಗಳ ಚಿಂತೆ ಇಲ್ಲ. ಆದರೆ ಕಾರ್ಬ್ಯುರೇಟರಿನ ಗಾಡಿಗಳು ಇಂದಿಗೂ ಸಾಕಷ್ಟಿವೆ. ಅವುಗಳ ಲೆಕ್ಕವನ್ನು ಇಡಬೇಕಾದವನು ಸವಾರನೇ. ‘ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ’ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಗಾಳಿಯ ದಾರಿಯಲ್ಲಿ ಎಣ್ಣೆ ಬಂದಾಗ ಮಾಡಬೇಕಾದ ಕೆಲಸ ಇಷ್ಟೇ: ಕೈಯನ್ನು ಎಣ್ಣೆಯ ಡಬ್ಬಿಯಿಂದ ದೂರವಿಟ್ಟು ಕಣ್ಣನ್ನು ತೆರೆದಿಡುವುದು.