ಸರಳೆ ಕೊಟ್ಟ ನಾಡಿನ ಮಕ್ಕಳಿಗೆ ಸ್ವರವಿಲ್ಲವೇ?

ಕನ್ನಡಿಗರೇ, ಕರ್ನಾಟಕ ಸಂಗೀತ ಕಲಿಯಲು ಕೂತ ಮಗುವಿಗೆ ಮೊದಲು ಹೇಳಿಕೊಡುವುದು ಮಾಯಾಮಾಳವಗೌಳ ರಾಗದ ಸರಳೆ. ಆ ಪಾಠಕ್ರಮ ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆಯೇ ಒಪ್ಪಿ ಅವರನ್ನು ಪಿತಾಮಹ ಎಂದು ಕರೆದಿದೆ. ಚೆನ್ನೈನ ಮಗು ಅದನ್ನು ಕಲಿಯುತ್ತದೆ, ವಿಜಯವಾಡದ ಮಗು ಕಲಿಯುತ್ತದೆ. ಆದರೆ ದಾಸರ ನಾಡಿನಲ್ಲೇ ಏಳನೇ ತರಗತಿಯ ಮಗುವಿಗೆ ಸರಳೆ ಎಂದರೇನೆಂದು ಹೇಳುವ ಮೇಷ್ಟ್ರಿಲ್ಲದ ಸರ್ಕಾರಿ ಕನ್ನಡ ಶಾಲೆಗಳು ಎಷ್ಟಿಲ್ಲ? ಇದಕ್ಕಿಂತ ನಾಚಿಕೆಗೇಡು ಬೇರೇನಿದೆ?

ನಾವು ಬೇಡುತ್ತಿರುವುದು ಭಿಕ್ಷೆಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಆರರಿಂದ ಎಂಟನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಲೇಬೇಕು. ಆದರೆ ಈ ಕಾನೂನಿನಲ್ಲಿ ಎರಡು ತೂತುಗಳಿವೆ. ಚಿತ್ರಕಲಾ ಮೇಷ್ಟ್ರೊಬ್ಬರಿದ್ದರೆ ಕಲಾ ಶಿಕ್ಷಣದ ಲೆಕ್ಕ ಮುಗಿಯಿತು, ಸಂಗೀತ ಹೊರಗುಳಿಯಿತು. 100 ಮಕ್ಕಳಿಲ್ಲದ ಹಳ್ಳಿ ಶಾಲೆಗಂತೂ ಏನೂ ಇಲ್ಲ. ಬಡ ಕನ್ನಡದ ಮಕ್ಕಳು ಓದುವುದು ಅಂಥ ಶಾಲೆಗಳಲ್ಲೇ ಅಲ್ಲವೇ?

ನಮ್ಮನ್ನಾಳುವವರಿಗೆ ಮಕ್ಕಳ ಕಂಠ ಬೇಕು, ಕಲಿಕೆ ಬೇಡ. 2022ರ ಅಕ್ಟೋಬರ್ 28ರಂದು ಕೋಟಿ ಕಂಠ ಗಾಯನ ನಡೆಯಿತು. ಅದಕ್ಕೂ ಮುಂಚೆ, ಸೆಪ್ಟೆಂಬರಿನಲ್ಲಿ, ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂಬ ಆದೇಶ ಬಂತು. ಸಂತೋಷ! ಧಾಟಿ ಗೊತ್ತು ಮಾಡಿದವರು, ಅದನ್ನು ಶ್ರುತಿ ಸೇರಿಸಿ ಕಲಿಸುವವರು ಯಾರೆಂದು ಯೋಚಿಸಿದರೇ?

ದುಡ್ಡಿರುವವರ ಇಂಗ್ಲಿಷ್ ಶಾಲೆಯಲ್ಲಿ ಕೀಬೋರ್ಡ್ ಉಂಟು, ಡ್ರಮ್ ಉಂಟು, ಬ್ಯಾಂಡ್ ಉಂಟು. ನಮ್ಮ ಮಕ್ಕಳಿಗೆ ಪ್ರತಿಭಾ ಕಾರಂಜಿ. ಅಲ್ಲಿ ಒಬ್ಬ ಗೆಲ್ಲುತ್ತಾನೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಮೇಳದ ಪಾಠವೇ ಬೇರೆ. ಡೊಳ್ಳು ಕುಣಿತದಲ್ಲಿ ಒಬ್ಬ ಹೆಜ್ಜೆ ತಪ್ಪಿದರೆ ಇಡೀ ತಂಡ ಮುಗ್ಗರಿಸುತ್ತದೆ. ಪಕ್ಕದವನ ಪೆಟ್ಟಿಗೆ ಕಿವಿಗೊಡದೆ ಅಲ್ಲಿ ಗತಿಯಿಲ್ಲ. ಹನ್ನೆರಡು, ಹದಿಮೂರರ ವಯಸ್ಸಿಗೆ ಗಂಡುಮಕ್ಕಳ ದನಿ ಒಡೆಯುತ್ತದೆ, ನಾಚಿಕೊಂಡು ಹಾಡುವುದನ್ನೇ ಬಿಡುತ್ತಾರೆ. ಆಗ ಅವರ ಕೈಗೊಂದು ತಮಟೆ, ಒಂದು ತಾಳ ಕೊಟ್ಟು ನೋಡಿ!

ಆಗುವುದಿಲ್ಲ ಎನ್ನುವ ಅಧಿಕಾರಿಗಳು ಗದುಗಿಗೆ ಹೋಗಿ ಬರಲಿ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಆಶ್ರಮವೊಂದು ದಾನದ ಬಲದಿಂದ ಮಾಡಿದ್ದನ್ನು ತೆರಿಗೆಯ ಬಲವಿರುವ ಸರ್ಕಾರ ಮಾಡಲಾರದೇ?

ನಮ್ಮ ಬೇಡಿಕೆ ನೇರವಾಗಿದೆ. ಸಣ್ಣ ಶಾಲೆಗಳಿದ್ದಲ್ಲಿ ಐದು ಶಾಲೆಗೊಬ್ಬ ಸಂಗೀತ ಬೋಧಕರನ್ನು ಕೊಡಿ, ವಾರಕ್ಕೊಂದು ದಿನ ಒಂದೊಂದು ಶಾಲೆಗೆ ಹೋಗಲಿ. ಊರಿನ ಡೊಳ್ಳು, ತಮಟೆ, ತತ್ವಪದದ ಕಲಾವಿದರಿಗೆ ಗೌರವಧನ ಕೊಟ್ಟು ಶಾಲೆಗೆ ಕರೆತನ್ನಿ. ಸಂಗೀತದ ಪೀರಿಯಡ್ಡನ್ನು ಗಣಿತಕ್ಕೆ ಬಲಿಕೊಡಬೇಡಿ. ಬಹುಮಾನದ ಗೊಡವೆಯಿಲ್ಲದೆ ಎಲ್ಲ ಮಕ್ಕಳೂ ಸೇರುವ ಮೇಳ ತಾಲ್ಲೂಕಿಗೊಂದು ನಡೆಯಲಿ.

ಓದುಗ ಬಂಧುಗಳೇ, ವೇದಿಕೆಯಲ್ಲಿ ಜೈಕಾರ ಹಾಕಿದರೆ ಸಾಲದು. ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ. ಸಂಗೀತದ ಮೇಷ್ಟ್ರೆಲ್ಲಿ ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಇಲ್ಲವೆಂದರೆ ಆ ಕಾಗದ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಮುಂದೆ ಕೂರೋಣ. ಹಾಡಲು ಬಾರದ ಮಕ್ಕಳಿಲ್ಲ, ಕಲಿಸಲು ಮನಸ್ಸಿಲ್ಲದ ಸರ್ಕಾರವಿದೆ!