ಆಟ ಸಾಕು ಅನ್ನೋ ಮುಂಚೆ ಇದನ್ನ ಓದಿ

(1/5)
ನೇರವಾಗಿ ವಿಷಯಕ್ಕೆ ಬರ್ತೀನಿ. ಮೂರು-ನಾಲ್ಕು ವರ್ಷದ ಮಗು ಕೈಲಿ ಒಂದೇ ಅಕ್ಷರವನ್ನ ಪುಟ ತುಂಬಾ ಬರೆಸೋ ಅರ್ಧ ಗಂಟೆ ಇದ್ಯಲ್ಲ, ಆ ಅರ್ಧ ಗಂಟೆ ಮರದ ಬ್ಲಾಕ್ಸ್ ಕೊಟ್ಟು ಕೂರಿಸಿದ್ರೆ ಮಗು ಹೆಚ್ಚು ಕಲಿಯುತ್ತೆ. ಇದು ನನ್ನ ಅಭಿಪ್ರಾಯ. ಒಪ್ಪಲ್ಲ ಅಂದ್ರೆ ಕಾಮೆಂಟ್ಸ್ ಓಪನ್ ಇದೆ, ಆದ್ರೆ ಐದೂ ಭಾಗ ಓದಿ ಆಮೇಲೆ ಜಗಳಕ್ಕೆ ಬನ್ನಿ 😄

"ಬಿಕಾಂ ಓದೋರಿಗೆ ಪುಟ್ಟ ಮಕ್ಕಳ ಆಟಿಕೆ ವಿಷಯ ಯಾಕೆ?" ಅಂತ ಕೇಳ್ಬಹುದು. ಯಾಕಂದ್ರೆ ನಮ್ಮಲ್ಲಿ ಎಷ್ಟೋ ಜನ ಈಗಾಗ್ಲೇ ಅಕ್ಕನ ಮಕ್ಕಳಿಗೆ ಮಾವ, ಚಿಕ್ಕಮ್ಮ ಆಗಿದ್ದೀವಿ. ಕೆಲವರು ಪಾಕೆಟ್ ಮನಿಗೆ ಅಂತ ಸಂಜೆ ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಟ್ಯೂಷನ್ ಹೇಳ್ಕೊಡ್ತೀವಿ. ಬರ್ತ್‌ಡೇ ಗಿಫ್ಟ್ ತರೋದು ನಾವೇ. ಮೊಬೈಲ್ ಬೇಕು ಅಂದ್ರೆ ಮಗು ಮೊದ್ಲು ಕೈ ಚಾಚೋದೂ ನಮ್ಮ ಕಡೆಗೇ.

ಬ್ಲಾಕ್ಸ್ ಜೋಡಿಸ್ತಾ ಕೂತ ಮಗುವಿಗೆ ಮನೆ ದೊಡ್ಡೋರು ಹೇಳೋ ಮಾತು ಒಂದೇ: "ಆಟ ಸಾಕು, ಓದ್ಕೋ ಬಾ." ನನ್ನ ತಕರಾರು ಈ ಮಾತಿನ ಮೇಲೇ. ಆ ಮಗು ಆಗ್ಲೇ ಓದ್ತಾ ಇತ್ತು. ನಮಗೆ ಕಾಣಿಸ್ಲಿಲ್ಲ ಅಷ್ಟೇ.

(2/5)
ಹಾಗಾದ್ರೆ ಅಲ್ಲಿ ಏನು ಓದು ನಡೀತಿದೆ?

ನ್ಯೂಯಾರ್ಕ್‌ನಲ್ಲಿ ಹ್ಯಾರಿಯೆಟ್ ಜಾನ್ಸನ್ ಅನ್ನೋ ಶಿಕ್ಷಕಿ ಪುಟ್ಟ ಮಕ್ಕಳು ಬ್ಲಾಕ್ಸ್ ಜೊತೆ ಏನು ಮಾಡ್ತಾರೆ ಅಂತ ನೋಡಿ ನೋಡಿ 1933ರಲ್ಲಿ ಬರೆದಿಟ್ರು. ಮೊದಲು ಮಗು ಏನೂ ಕಟ್ಟಲ್ಲ, ಸುಮ್ನೆ ಹೊತ್ಕೊಂಡು ಓಡಾಡುತ್ತೆ. ಆಮೇಲೆ ಒಂದರ ಮೇಲೊಂದು ಪೇರಿಸುತ್ತೆ, ಸಾಲಾಗಿ ಇಡುತ್ತೆ. ಆಮೇಲೆ ಎರಡು ಬ್ಲಾಕ್ ನಿಲ್ಲಿಸಿ ಮೇಲೊಂದು ಅಡ್ಡ ಇಟ್ಟು ಸೇತುವೆ ಮಾಡುತ್ತೆ. ಆಮೇಲೆ ನಾಲ್ಕೂ ಕಡೆ ಮುಚ್ಚಿ ಕಾಂಪೌಂಡ್ ಮಾಡುತ್ತೆ. ಆಮೇಲೆ ಎಡಕ್ಕೂ ಬಲಕ್ಕೂ ಒಂದೇ ಥರ ಇಟ್ಟು ವಿನ್ಯಾಸ ಮಾಡುತ್ತೆ. ಇಷ್ಟೆಲ್ಲ ಆದ್ಮೇಲೆ ಅದಕ್ಕೆ ಹೆಸರು ಬರುತ್ತೆ: ಇದು ನಮ್ಮನೆ, ಇದು ಬಸ್ ಸ್ಟ್ಯಾಂಡ್. ಕೊನೆಗೆ ಕಂಡ ಊರನ್ನೇ ಕಟ್ಟಿ ಅದರೊಳಗೆ ಕಥೆ ಶುರು ಮಾಡುತ್ತೆ.

ಇದರಲ್ಲಿ ಸೇತುವೆ ಹಂತ ನೋಡಿ. ಎರಡು ಕಂಬದ ನಡುವೆ ಎಷ್ಟು ಜಾಗ ಬಿಟ್ರೆ ಮೇಲಿನ ಬ್ಲಾಕ್ ಬೀಳಲ್ಲ? ಜಾಗ ಜಾಸ್ತಿ ಆದ್ರೆ ಕೆಳಗೆ ಬೀಳುತ್ತೆ. ಒಂದು ಕಂಬ ಗಿಡ್ಡ ಆದ್ರೆ ಜಾರುತ್ತೆ. ಸ್ಕೇಲ್ ಇಲ್ಲ, ಸಂಖ್ಯೆ ಬರಲ್ಲ, ಆದ್ರೂ ಮಗು ಅಳತೆ ಮಾಡ್ತಿದೆ. ನಮ್ಮ ಬ್ಯಾಲೆನ್ಸ್ ಶೀಟ್ ಥರಾನೇ, ಎರಡೂ ಕಡೆ ಸಮ ಇರ್ಬೇಕು. ವ್ಯತ್ಯಾಸ ಏನಂದ್ರೆ ನಮ್ಮದು ಟ್ಯಾಲಿ ಆಗಿಲ್ಲ ಅನ್ನೋದು ಕೊನೆಗೆ ಗೊತ್ತಾಗುತ್ತೆ, ಅದರದ್ದು ಅಲ್ಲೇ ದಬಕ್ ಅಂತ ಬಿದ್ದು ಗೊತ್ತಾಗುತ್ತೆ 😅

ಬೆರಳಿಗೂ ಇದೇ ವ್ಯಾಯಾಮ. ಬ್ಲಾಕನ್ನ ಎರಡು ಬೆರಳಲ್ಲಿ ಹಿಡಿದು, ಗೋಪುರ ಅಲ್ಲಾಡದ ಹಾಗೆ ಇಟ್ಟು, ಮೆಲ್ಲಗೆ ಕೈ ಬಿಡಬೇಕು. ಪೆನ್ಸಿಲ್ ಹಿಡಿಯೋಕೆ ಬೇಕಾದ ಬಲ, ಹಿಡಿತ ಎರಡೂ ಇದೇ. ಬೆರಳು ತಯಾರಾಗೋ ಮುಂಚೆ ಪೆನ್ಸಿಲ್ ತುರುಕಿ "ಅಕ್ಷರ ದುಂಡಗಿಲ್ಲ" ಅಂತ ಬೈದ್ರೆ ಯಾರ ತಪ್ಪು?

(3/5)
ಇದೇನು ಇವತ್ತಿನ ರೀಲ್ಸ್ ಪೇರೆಂಟಿಂಗ್ ಅಲ್ಲ. ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ 1837ರಲ್ಲೇ ಪುಟ್ಟ ಮಕ್ಕಳ ಕೇಂದ್ರ ಶುರು ಮಾಡಿ ಮರದ ಚೆಂಡು, ಘನ, ತುಂಡುಗಳನ್ನ ಪಾಠದ ಸಾಮಗ್ರಿ ಮಾಡಿದ್ರು. ಕಿಂಡರ್‌ಗಾರ್ಟನ್ ಅನ್ನೋ ಹೆಸರು ಅವರದ್ದೇ. ಅಂದ್ರೆ ಎಲ್‌ಕೆಜಿಯ 'ಕೆ' ಹುಟ್ಟಿದ್ದೇ ಆಟದಿಂದ. ನಾವು ಹೆಸರು ಇಟ್ಕೊಂಡು ಆಟ ತೆಗೆದು ಹಾಕಿದ್ವಿ.

ಆಮೇಲೆ ಅಮೆರಿಕದ ಕ್ಯಾರೊಲಿನ್ ಪ್ರ್ಯಾಟ್. ಸುಮಾರು ನೂರು ವರ್ಷದ ಹಿಂದೆ ಇವರು ಮಾಡಿದ ಯೂನಿಟ್ ಬ್ಲಾಕ್ಸ್‌ಗೆ ಬಣ್ಣ ಇಲ್ಲ, ಚಿತ್ರ ಇಲ್ಲ. ಲೆಕ್ಕ ಮಾತ್ರ ಪಕ್ಕಾ: ಎರಡು ಚಿಕ್ಕದು ಸೇರಿದ್ರೆ ಒಂದು ಮಧ್ಯಮ, ಎರಡು ಮಧ್ಯಮ ಸೇರಿದ್ರೆ ಒಂದು ಉದ್ದದ್ದು. ಉದ್ದದ್ದು ಖಾಲಿ ಆದಾಗ ಮಗು ಎರಡು ಮಧ್ಯಮ ಜೋಡಿಸಿ ಕೆಲಸ ಮುಗಿಸುತ್ತೆ. ಅರ್ಧ, ಕಾಲು ಅನ್ನೋ ಪಾಠ ಮುಂದೆ ಸ್ಕೂಲಲ್ಲಿ ಬರುತ್ತೆ, ಕೈಗೆ ಮಾತ್ರ ಅದು ಆಗ್ಲೇ ಗೊತ್ತಿರುತ್ತೆ.

ಪುರಾವೆ ಕೇಳೋರಿಗೆ: 2007ರಲ್ಲಿ ಡಿಮಿಟ್ರಿ ಕ್ರಿಸ್ಟಾಕಿಸ್ ಅನ್ನೋ ಮಕ್ಕಳ ಡಾಕ್ಟರ್ ತಂಡ ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳ ಮನೆಗಳಿಗೆ ಬ್ಲಾಕ್ಸ್ ಕಳಿಸ್ತು. ಆರು ತಿಂಗಳ ನಂತರ ಅವರ ಭಾಷೆಯ ಅಂಕ ಬ್ಲಾಕ್ಸ್ ಸಿಗದ ಮಕ್ಕಳಿಗಿಂತ ಜಾಸ್ತಿ ಇತ್ತು. ಆದ್ರೆ ಏಕಾಗ್ರತೆಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು, ಇದಕ್ಕೆ ದುಡ್ಡು ಕೊಟ್ಟಿದ್ದು ಬ್ಲಾಕ್ಸ್ ತಯಾರಿಸೋ ಕಂಪನಿ. ಕಾಮರ್ಸ್ ಓದೋ ನಾವು ಇದನ್ನ ಮರೆಯಬಾರದು. ಹಾಗಾಗಿ "ಬ್ಲಾಕ್ಸ್ ಆಡಿದ್ರೆ ಜೀನಿಯಸ್" ಅಂತ ನಾನು ಹೇಳಲ್ಲ.

ಆದ್ರೂ ಭಾಷೆ ಯಾಕೆ ಬೆಳೆಯುತ್ತೆ ಅನ್ನೋದು ಪಕ್ಕ ಕೂತು ನೋಡಿದ್ರೆ ಅರ್ಥ ಆಗುತ್ತೆ. ಮೇಲೆ, ಕೆಳಗೆ, ನಡುವೆ, ಆಚೆ, ಓರೆ, ನೆಟ್ಟಗೆ, ಇನ್ನೊಂಚೂರು. ಈ ಪದಗಳು ಪುಸ್ತಕದ ಚಿತ್ರದಲ್ಲಿ ಸಿಗಲ್ಲ. 'ಸೇಬು' ಅಂದ್ರೆ ಚಿತ್ರ ತೋರಿಸ್ಬಹುದು. 'ನಡುವೆ' ಅಂದ್ರೆ ಏನು ತೋರಿಸ್ತೀರಿ? ಅದನ್ನ ಕಟ್ಟಿಯೇ ತಿಳ್ಕೋಬೇಕು.

(4/5)
ಈಗ ದುಡ್ಡಿನ ವಿಷಯ, ನಮ್ಮ ಸಬ್ಜೆಕ್ಟ್ 💰

ಡಬ್ಬದ ಮೇಲೆ 'ಎಜುಕೇಷನಲ್', 'ಬ್ರೈನ್ ಬೂಸ್ಟರ್' ಅಂತ ಬರೆದ ಕೂಡಲೇ ರೇಟ್ ಏರುತ್ತೆ. ಅದು ಮಾರ್ಕೆಟಿಂಗ್. ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರಲ್ಲಿ ಆಟಿಕೆ ಬಗ್ಗೆ ಕೊಟ್ಟ ಸಲಹೆಯಲ್ಲೂ ಇದೇ ಇದೆ: ಒಳ್ಳೆ ಆಟಿಕೆ ದುಬಾರಿ ಆಗಿರ್ಬೇಕಿಲ್ಲ, ಮಗು ಮತ್ತು ದೊಡ್ಡೋರು ಸೇರಿ ಆಡೋ ಸರಳ ಆಟಿಕೆ ಸಾಕು.

ಲೆಗೊ ತಗೊಳ್ಳಿ. ಅದರ ಈಗಿನ ಇಟ್ಟಿಗೆಗೆ 1958ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ರು. ಆಗಿನ ಇಟ್ಟಿಗೆ ಇವತ್ತಿನದಕ್ಕೂ ಕೂರುತ್ತೆ. ಸವಕಳಿನೇ ಇಲ್ಲದ ಆಸ್ತಿ ಅಂದ್ರೆ ಇದೇ! ಎಂಟು ಗುಬುಟಿನ ಒಂದೇ ಬಣ್ಣದ ಆರು ಇಟ್ಟಿಗೆಯನ್ನ 91,51,03,765 ರೀತಿ ಜೋಡಿಸ್ಬಹುದು. ತೊಂಬತ್ತೊಂದು ಕೋಟಿ! ಆದ್ರೆ ದುಬಾರಿ ಸೆಟ್ ತಂದು "ಬುಕ್‌ನಲ್ಲಿರೋ ಹಾಗೇ ಮಾಡು, ಕೆಡಿಸ್ಬೇಡ" ಅಂದು ಶೋಕೇಸ್‌ಗೆ ಇಟ್ರೆ ಆ ಕೋಟಿಗಳಲ್ಲಿ ಉಳಿಯೋದು ಒಂದು.

ನಮ್ಮ ಹತ್ರಾನೇ ಚನ್ನಪಟ್ಟಣ ಇದೆ. ಆಲೆ ಮರವನ್ನ ಕಡೆದು, ತಿರುಗ್ತಿರೋ ಮರಕ್ಕೇ ಅರಗಿನ ಬಣ್ಣ ಒತ್ತಿ ಮಾಡೋ ಆಟಿಕೆ, ಜಿಐ ಟ್ಯಾಗ್ ಇರೋದು. ದೊಡ್ಡದರಿಂದ ಚಿಕ್ಕದಕ್ಕೆ ಪೇರಿಸೋ ಬಳೆಗಳು, ಬ್ಲಾಕ್ಸ್ ಎಲ್ಲ ಸಿಗುತ್ತೆ. ಮೈಸೂರು ರೋಡಲ್ಲಿ ಹೋಗುವಾಗ ಗೊಂಬೆ ಜೊತೆ ಸೆಲ್ಫಿ ತಗೊಂಡು ಬರೋ ಬದಲು ಒಂದು ಸೆಟ್ ಕೊಂಡ್ಕೊಂಡು ಬನ್ನಿ.

ಅದೂ ಆಗಲ್ವಾ? ಬಡಗಿ ಹತ್ರ ಉಳಿದ ಮರದ ತುಂಡು ಕೇಳಿ, ಉಪ್ಪುಕಾಗದದಲ್ಲಿ ಚೆನ್ನಾಗಿ ತಿಕ್ಕಿ. ಖಾಲಿ ರಟ್ಟಿನ ಡಬ್ಬ, ತೆಂಗಿನ ಕರಟ, ಒದ್ದೆ ಮರಳು ಎಲ್ಲ ನಡೆಯುತ್ತೆ. ಲಗೋರಿ ಆಡಿದ ನಾವೂ ಕಲ್ಲು ಪೇರಿಸಿಯೇ ಬ್ಯಾಲೆನ್ಸ್ ಕಲಿತಿದ್ದು.

⚠️ ಎರಡು ಎಚ್ಚರಿಕೆ: ಮೂರು ವರ್ಷದೊಳಗಿನ ಮಗುವಿಗೆ ಬಾಯೊಳಗೆ ಹೋಗೋ ಸೈಜಿನ ತುಂಡು ಕೊಡ್ಬೇಡಿ. ಫ್ಯಾಕ್ಟರಿ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, 2021ರಿಂದ ಅದು ಕಡ್ಡಾಯ.

(5/5)
"ಎಲ್ಲಾ ಸರಿ, ಅಡ್ಮಿಷನ್ ಇಂಟರ್‌ವ್ಯೂನಲ್ಲಿ ಎಬಿಸಿಡಿ ಕೇಳ್ತಾರಲ್ಲ?" ಅನ್ನೋ ಅಪ್ಪ-ಅಮ್ಮಂದಿರ ಭಯ ಸುಳ್ಳಲ್ಲ. ಫೀಸ್ ಕಟ್ಟೋರಿಗೆ ತುಂಬಿದ ನೋಟ್‌ಬುಕ್ ಕಾಣುತ್ತೆ, ಬಿದ್ದ ಗೋಪುರ ಕಾಣಲ್ಲ. ಅಕ್ಷರ ಬೇಡ ಅಂತ ನಾನೂ ಹೇಳ್ತಿಲ್ಲ. ಆಟದ ಟೈಮ್ ಕಿತ್ಕೊಂಡು ಅಕ್ಷರಕ್ಕೆ ಕೊಡ್ಬೇಡಿ ಅಂತಿದ್ದೀನಿ. ಸರ್ಕಾರವೂ ಕಾಗದದ ಮೇಲೆ ಇದನ್ನೇ ಹೇಳುತ್ತೆ. 2020ರ ಶಿಕ್ಷಣ ನೀತಿ 3ರಿಂದ 8 ವರ್ಷವನ್ನ ಆಟದ ಮೂಲಕ ಕಲಿಯೋ ಹಂತ ಅಂತ ಕರೀತು. 2023ರ ಫೆಬ್ರವರಿಯಲ್ಲಿ ಆ ವಯಸ್ಸಿಗೇ ಅಂತ 'ಜಾದೂಯಿ ಪಿಟಾರಾ' ಅನ್ನೋ ಆಟದ ಪೆಟ್ಟಿಗೆಯೂ ಬಂತು. ಪೆಟ್ಟಿಗೆ ಬೀರು ಒಳಗೆ ಹೊಸದಾಗೇ ಉಳಿದ್ರೆ ಮಾತ್ರ ಏನೂ ಪ್ರಯೋಜನ ಇಲ್ಲ. ಮನೇಲಿ ಆಟಿಕೆ ಕೊಡಿಸೋಕೆ ಆಗದ ಮಗುವಿಗೆ ಅಂಗನವಾಡಿಯ ಬ್ಲಾಕ್ಸೇ ಗತಿ. ಅದು ಹಳೇದಾಗಿ, ಗೀರು ಬಿದ್ದು, ಮೂಲೆ ಸವೆದು ಹೋಗಿದ್ರೇನೇ ಅಲ್ಲಿ ಪಾಠ ನಡೆದಿದೆ ಅಂತ ಅರ್ಥ.

ನಮ್ಮ ಕೈಲಾಗೋದು ಏನು?
👉 ಮಗು ಕಟ್ಟುವಾಗ ಪಕ್ಕ ಕೂತ್ಕೊಳ್ಳಿ, ಕೈ ಹಾಕ್ಬೇಡಿ. ಬೀಳುತ್ತೆ ಅಂತ ನಿಮಗೆ ಗೊತ್ತಿದ್ರೂ ಬೀಳೋಕೆ ಬಿಡಿ.
👉 "ಸೂಪರ್!" ಅನ್ನೋ ಬದಲು "ಇದು ಯಾಕೆ ನಿಂತಿದೆ? ಇದನ್ನ ತೆಗೆದ್ರೆ ಏನಾಗುತ್ತೆ?" ಅಂತ ಕೇಳಿ.
👉 ಇಬ್ಬರು ಮಕ್ಕಳು ಒಂದೇ ಬ್ಲಾಕ್‌ಗೆ ಕಿತ್ತಾಡಿದ್ರೆ ತಕ್ಷಣ ಜಡ್ಜ್ ಆಗ್ಬೇಡಿ. ಹೊಡೆದಾಟಕ್ಕೆ ಹೋಗದಿದ್ರೆ ಅವರೇ ಒಂದು ಒಪ್ಪಂದಕ್ಕೆ ಬರ್ತಾರೆ.
👉 ಹುಡುಗಿಗೆ ಅಡುಗೆ ಸೆಟ್, ಹುಡುಗನಿಗೆ ಬ್ಲಾಕ್ಸ್ ಅನ್ನೋ ಗಿಫ್ಟ್ ಲೆಕ್ಕ ಬಿಡಿ. ಇಬ್ಬರಿಗೂ ಎರಡೂ ಬೇಕು.
👉 ಟ್ಯೂಷನ್ ಹೇಳ್ಕೊಡೋರು ಮೊದಲ ಹದಿನೈದು ನಿಮಿಷ ಕಟ್ಟೋ ಆಟಕ್ಕೆ ಇಡಿ. ಮಗುವಿನ ಅಮ್ಮ ಕೇಳಿದ್ರೆ ಈ ಪೋಸ್ಟ್ ತೋರಿಸಿ.

ನಿಮ್ಮನೆ ಪುಟಾಣಿ ಏನು ಕಟ್ಟಿದೆ? ಮಗುವಿನ ಮುಖ ಬೇಡ, ಕಟ್ಟಡದ ಫೋಟೋ ಮಾತ್ರ ಕಳ್ಸಿ, ಸ್ಟೋರಿಗೆ ಹಾಕ್ತೀನಿ. ಬಿದ್ದು ಚೆಲ್ಲಾಪಿಲ್ಲಿ ಆಗಿರೋದಾದ್ರೂ ಪರವಾಗಿಲ್ಲ.

#ಕಟ್ಟೋಆಟ #ಆಡೋಕೆಬಿಡಿ #ಚನ್ನಪಟ್ಟಣ #ಅಂಗನವಾಡಿ #ಬಿಕಾಂಬರಹ